ಮಡಿ ರೂಮಿನ ಹುಳಗಳು

ಹುಳ ಸಾಯುವಾಗ ಮೇಲಕ್ಕೆ ಹತ್ತುತ್ತದೆ. ರೋಗ ಹಿಡಿದ ಐದಾರು ದಿನಕ್ಕೆ ಮೈ ಬಿಳಿಚಿಕೊಂಡು, ಪ್ಲಾಸ್ಟಿಕ್ ಲೋಟದ ಗೋಡೆ ಹಿಡಿದು ತೆವಳುತ್ತಾ ಮುಚ್ಚಳದವರೆಗೂ ಹೋಗಿ, ಹಿಂಗಾಲಲ್ಲಿ ಕಚ್ಚಿಕೊಂಡು ತಲೆಕೆಳಗಾಗಿ ನೇತುಬೀಳುತ್ತದೆ. ಆಮೇಲೆ ಒಳಗಿನದೆಲ್ಲ ಕರಗುತ್ತದೆ. ಕರುಳು, ಮಾಂಸ, ಎಲ್ಲ ಕಂದು ನೀರು. ಹೊರಗಿನ ಚರ್ಮ ಮಾತ್ರ ಉಳಿದಿರುತ್ತದೆ. ಅದೂ ಎಷ್ಟು ತೆಳು ಅಂದರೆ ಉಗುರು ತಾಗಿದರೆ ಸಾಕು, ಒಡೆಯುತ್ತದೆ. ಒಡೆದರೆ ವಾಸನೆ. ಗೋಡೆಸಂದಿಯಲ್ಲಿ ಸತ್ತು ನಾಲ್ಕು ದಿನವಾದ ಇಲಿಯ ವಾಸನೆ ಅದರ ಮುಂದೆ ವಾಸಿ.

ಕಲಾವತಿಯ ಕೆಲಸ ಆ ಹುಳಗಳನ್ನು ಒಡೆಯುವ ಮೊದಲೇ ಎತ್ತುವುದು.

ದಿನಕ್ಕೆ ಐನೂರು, ಆರುನೂರು. ಚಿಮುಟದಲ್ಲಿ ಎತ್ತಬೇಕು ಅಂತ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ್ದರು. ಚಿಮುಟ ತುಕ್ಕು ಹಿಡಿದು ಎರಡು ವರ್ಷವಾಗಿತ್ತು. ಗ್ಲೌಸು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು. ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಬರಲಿಲ್ಲ. ಬೆರಳಲ್ಲೇ ಎತ್ತುತ್ತಿದ್ದಳು. ಎತ್ತಿ ಮಿಕ್ಸಿ ಜಾರಿಗೆ ಹಾಕಿ, ನೀರು ಬೆರೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಬೇಕು. ಹಿಂಡಿ ಬಂದ ರಸವೇ ಔಷಧ. ಅದನ್ನು ಬಾಟಲಿಗೆ ತುಂಬಿ ಹತ್ತಿ ಹೊಲಕ್ಕೆ, ತೊಗರಿ ಹೊಲಕ್ಕೆ ಕಳಿಸುತ್ತಿದ್ದರು. ಗಿಡಕ್ಕೆ ಹೊಡೆದರೆ ಕಾಯಿಕೊರಕ ಹುಳ ಎಲೆಯ ಜೊತೆಗೆ ಆ ರೋಗವನ್ನೂ ತಿಂದು ಸಾಯುತ್ತದೆ. ವಿಷ ಹೊಡೆಯುವುದು ಬೇಡ, ಹಕ್ಕಿಪಕ್ಕಿಗೆ ಕೇಡಿಲ್ಲ, ಮನುಷ್ಯನಿಗೆ ಏನೂ ಆಗುವುದಿಲ್ಲ. ಅವಳು ದುಡಿಯುವ ಸಂಶೋಧನಾ ಕೇಂದ್ರದವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಾಗೆ ಬರೆದಿತ್ತು. ಬರೆದವರು ಕಲಾವತಿಯ ಕೈ ಮೂಸಿ ನೋಡಿರಲಿಲ್ಲ.

ವಾಸನೆ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ನಿಂಬೆಹಣ್ಣು, ಸೀಗೆಪುಡಿ, ಬಟ್ಟೆ ಸೋಪು, ಸೀಮೆಎಣ್ಣೆ, ಎಲ್ಲ ಆಯಿತು. ಸಂಜೆ ಮದ್ರಾಸಿನ ಅಂಬತ್ತೂರಿನಲ್ಲಿ ಲೋಕಲ್ ಟ್ರೇನ್ ಹತ್ತಿದರೆ ಹೆಂಗಸರ ಡಬ್ಬಿಯಲ್ಲಿ ಅವಳ ಅಕ್ಕಪಕ್ಕ ಜಾಗ ಖಾಲಿಯಾಗುತ್ತಿತ್ತು. ಹೂ ಮಾರುವವಳು ಕೂಡ ಬುಟ್ಟಿ ಎತ್ತಿಕೊಂಡು ಆಚೆ ಸರಿಯುತ್ತಿದ್ದಳು. ಪೆರಂಬೂರಿನ ಮನೆಯಲ್ಲಿ ಮಗಳು ನೇಹಾ ತಟ್ಟೆ ಮುಂದೆ ಕೂತು, "ಕರಂಡಿಯಾಲೆ ಪೋಡು ಮಾ" ಅನ್ನುತ್ತಿದ್ದಳು. ಸೌಟಲ್ಲಿ ಹಾಕು, ಕೈಯಲ್ಲಿ ಬಡಿಸಬೇಡ ಅಂತ. ಒಂಬತ್ತನೇ ಕ್ಲಾಸಿನ ಹುಡುಗಿ, ಕೆಟ್ಟವಳಲ್ಲ. ಹೊಟ್ಟೆ ತೊಳಸಿದರೆ ಅವಳಾದರೂ ಏನು ಮಾಡಿಯಾಳು? ಕಲಾವತಿ ಸೌಟಲ್ಲಿ ಬಡಿಸುತ್ತಿದ್ದಳು. ಮಗಳಿಗೆ ತನ್ನ ಕೈಯಿಂದ ಒಂದು ತುತ್ತು ತಿನ್ನಿಸಿ ಎಷ್ಟು ವರ್ಷವಾಯಿತು ಅಂತ ಯೋಚಿಸಿದರೆ ಅಳು ಬರುತ್ತಿತ್ತು. ಅದಕ್ಕೇ ಯೋಚಿಸುತ್ತಿರಲಿಲ್ಲ.

ಮಾವ ಕೋಲಾರದ ಕಡೆಯಿಂದ ಪೆರಂಬೂರಿಗೆ ರೈಲ್ವೆ ಕೂಲಿಗೆ ಬಂದವನು. ಗಂಡ ಭೋಜರಾಜ ಯಾರ್ಡಿನಲ್ಲಿ ಬೋಗಿ ತೊಳೆಯುತ್ತಿದ್ದ. ಹೊಲೆಯರ ಕೇರಿ ಬಿಟ್ಟು ಮದ್ರಾಸಿಗೆ ಬಂದರೆ ಜಾತಿ ಬಿಡುತ್ತದೆ ಅಂತ ಮಾವ ನಂಬಿದ್ದನಂತೆ. ಪಾಪ, ರೈಲಿಗೆ ಟಿಕೆಟ್ಟಿಲ್ಲದೆ ಹತ್ತುವುದು ಅದೊಂದೇ ಅಂತ ಅವನಿಗೆ ಗೊತ್ತಿರಲಿಲ್ಲ.

ಕಲಾವತಿ ದುಡಿಯುತ್ತಿದ್ದದ್ದು ಅಂಬತ್ತೂರಿನಾಚೆ ಇದ್ದ ಒಂದು ಕೀಟ ಸಂಶೋಧನಾ ಕೇಂದ್ರದಲ್ಲಿ. ದಿನಗೂಲಿ. ಒಂಬತ್ತು ವರ್ಷದಿಂದ ದಿನಗೂಲಿ. ಕೇಂದ್ರದ ಯಜಮಾನರು ಡಾಕ್ಟರ್ ವಿಷ್ಣುತೀರ್ಥ. ಮೂರು ತಲೆಮಾರಿನ ಹಿಂದೆ ಮದ್ರಾಸಿಗೆ ಬಂದು ತಿರುವಲ್ಲಿಕ್ಕೇಣಿಯಲ್ಲಿ ನೆಲೆಯಾದ ಮನೆತನ. ಹಣೆಗೆ ಅಂಗಾರ ಅಕ್ಷತೆ, ಜೇಬಿನಲ್ಲಿ ಮೂರು ಪೆನ್ನು, ಬಾಯಲ್ಲಿ ಸದಾ ರೈತರ ಉದ್ಧಾರದ ಮಾತು. ಇವಳು ಕನ್ನಡದವಳು ಅಂತ ಗೊತ್ತಾದ ದಿನ ಖುಷಿಪಟ್ಟಿದ್ದರು. "ನಮ್ಮ ಕಡೆಯವಳು ಬಂದ್ಲಪ್ಪ" ಅಂದಿದ್ದರು. ಯಾವ ಕೇರಿಯವಳು ಅಂತ ಗೊತ್ತಾದ ದಿನದಿಂದ ಕನ್ನಡದಲ್ಲೇ ದೂರ ನಿಲ್ಲಿಸಿದರು.

ಅಲ್ಲಿ ಎರಡು ರೂಮು. ಒಂದರಲ್ಲಿ ಆರೋಗ್ಯದ ಹುಳ. ಚಿಟ್ಟೆ ಮೊಟ್ಟೆ ಇಟ್ಟು, ಮರಿಯೊಡೆದು, ಕಡಲೆಹಿಟ್ಟಿನ ಮೇವು ತಿಂದು ಬೆಳೆಯುವ ಜಾಗ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದುಹಾಕುತ್ತವೆ ಅಂತ ಹುಳಕ್ಕೊಂದು ಲೋಟ. ನಾಲ್ಕು ಸಾವಿರ ಲೋಟ, ಫಾರಿನ್ನಿನಿಂದ ತರಿಸಿದವು. ಅದನ್ನು ನೋಡಿಕೊಳ್ಳುತ್ತಿದ್ದವರು ಅಂಬುಜಮ್ಮ, ಡಾಕ್ಟರ ದೂರದ ಸಂಬಂಧಿ. ಇನ್ನೊಂದು ರೂಮು ಕಲಾವತಿಯದು. ಬೆಳೆದ ಹುಳದಲ್ಲಿ ಒಂದು ಪಾಲನ್ನು ಅಂಬುಜಮ್ಮ ಗೋಡೆಯ ಕಿಂಡಿಯಿಂದ ಈಚೆ ತಳ್ಳುತ್ತಿದ್ದರು. ಕಲಾವತಿ ಅವಕ್ಕೆ ರೋಗ ಉಣಿಸಿ, ಸಾಯುವವರೆಗೆ ಕಾದು, ರುಬ್ಬುತ್ತಿದ್ದಳು. ಮೊದಲನೆಯದಕ್ಕೆ ಡಾಕ್ಟರು ಮಡಿ ರೂಮು ಅಂತ ಹೆಸರಿಟ್ಟಿದ್ದರು. ಎಲ್ಲರೂ ಹಾಗೇ ಕರೆಯುತ್ತಿದ್ದರು. ಇವಳ ರೂಮಿಗೆ ಏನು ಹೆಸರು ಅಂತ ಬೇರೆ ಹೇಳಬೇಕಾಗಿರಲಿಲ್ಲ.

ರೋಗ ಆ ಕಡೆ ದಾಟಬಾರದು. ಹುಳದ ಮಟ್ಟಿಗೆ ಅದು ಸರಿಯಾದ ನಿಯಮವೇ. ಕಲಾವತಿಯೂ ಒಪ್ಪಿದ್ದಳು. ಆದರೆ ನಿಯಮ ಕಟ್ಟಿಹಾಕಿದ್ದು ಅವಳೊಬ್ಬಳನ್ನೇ. ಡಾಕ್ಟರು ಅವಳ ರೂಮಿಗೆ ಬಂದು ಸತ್ತ ಹುಳದ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ, ಅದೇ ಕೈಯಲ್ಲಿ ಹೋಗಿ ಮಡಿ ರೂಮಿನ ಬಾಗಿಲು ತೆಗೆಯುತ್ತಿದ್ದರು. ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಕೌಶಿಕ್ ಅಂತೂ ದಿನಕ್ಕೆ ಹತ್ತು ಸಲ ಆ ಕಡೆ ಈ ಕಡೆ. ಅವರ ಕೈಗೆ ರೋಗ ಅಂಟುವುದಿಲ್ಲ. ಹುಟ್ಟಿನಿಂದಲೇ ತೊಳೆದ ಕೈ! ಇವಳಿಗೆ ಮಾತ್ರ ನಲ್ಲಿ ಬೇರೆ, ಊಟಕ್ಕೆ ಕೂರುವ ಜಾಗ ಬೇರೆ. ಟೀ ಕೊಡುತ್ತಿದ್ದದ್ದು ಹುಳ ಸಾಕಿ ತೊಳೆದ ಲೋಟದಲ್ಲಿ. "ತೊಳೆದಿದೆಯಲ್ಲ, ಇನ್ನೇನು?" ಅನ್ನುತ್ತಿದ್ದರು ಅಂಬುಜಮ್ಮ. ಹುಳದ ಹಿಕ್ಕೆಯ ಕರಿ ಚುಕ್ಕೆ ತಳದಲ್ಲಿ ಕಾಣುತ್ತಿತ್ತು. ಕಲಾವತಿ ಟೀ ಕುಡಿಯುವುದನ್ನೇ ಬಿಟ್ಟಳು.

ಎರಡು ಸಾವಿರದ ಒಂದನೇ ಇಸವಿಯ ಆಯುಧಪೂಜೆ ಗುರುವಾರ ಬಂತು. ಇನ್ನು ಹನ್ನೊಂದು ದಿನಕ್ಕೆ ದೆಹಲಿಯಿಂದ ಒಂದು ತಂಡ ಬರುವುದಿತ್ತು. ಅವರು ಮಡಿ ರೂಮು ನೋಡಿ ಮೆಚ್ಚಿದರೆ ಐದು ವರ್ಷದ ದೊಡ್ಡ ಪ್ರಾಜೆಕ್ಟು. ಪ್ರಾಜೆಕ್ಟು ಬಂದರೆ ಹಳೇ ಕೂಲಿಯವರನ್ನು ಪರ್ಮನೆಂಟ್ ಮಾಡುತ್ತೇವೆ ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ದರು. ಕಲಾವತಿಯ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಆ ಒಂದು ಮಾತಿನ ಆಸೆಗೆ ಅವಳು ಗ್ಲೌಸಿನ ಸುದ್ದಿ ಎತ್ತದೆ ಕೂತಿದ್ದಳು.

ಅದಕ್ಕೇ ಆ ವರ್ಷ ಪೂಜೆ ಜೋರು. ಯಂತ್ರವೆಲ್ಲ ಒಂದೇ ಕಡೆ ಇಟ್ಟು ಪೂಜೆ ಮಾಡೋಣ, ಅದೂ ಮಡಿ ರೂಮಿನಲ್ಲೇ ಅಂದರು ಡಾಕ್ಟರು. ಸೂಕ್ಷ್ಮದರ್ಶಕ, ತಕ್ಕಡಿ, ಸ್ಪ್ರೇ ಪಂಪು, ಎಲ್ಲ ಒಳಗೆ ಹೋದವು. ಕೌಶಿಕ್ ಕಲಾವತಿಯ ರೂಮಿಗೆ ಬಂದು ಮಿಕ್ಸಿಯನ್ನೂ ಎತ್ತಿಕೊಂಡು ಹೋದ.

ಅವಳು ಬೆಳಿಗ್ಗೆ ತಾನೇ ಅದರಲ್ಲಿ ಮುನ್ನೂರು ಹುಳ ರುಬ್ಬಿದ್ದಳು. ಓಡಿ ಹೋಗಿ ಮಡಿ ರೂಮಿನ ಹೊಸ್ತಿಲ ಹೊರಗೆ ನಿಂತಳು.

"ಸಾರ್, ಮಿಕ್ಸಿ ಒಳಕ್ಕೆ ಓಗ್ಬಾರ್ದು. ರಾತ್ರಿಯೆಲ್ಲ ಬ್ಲೀಚಿಂಗ್ ನೀರಲ್ಲಿ ನೆನೀಬೇಕು ಅದು. ಇವತ್ತು ಹುಳ ರುಬ್ಬಿದೀನಿ."

"ಸೋಪ್ ಹಾಕಿ ತೊಳೆದ್ಯೋ ಇಲ್ವೋ?" ಅಂದರು ಡಾಕ್ಟರು.

"ತೊಳೆದೆ ಸಾರ್. ಸೋಪಿಗೆ ಓಗಲ್ಲ."

"ನನಗೇ ವೈರಸ್ ಪಾಠ ಹೇಳ್ಕೊಡ್ತೀಯೇನಮ್ಮ?"

ಕೌಶಿಕ್ ನಕ್ಕ. ಅಂಬುಜಮ್ಮನೂ ನಕ್ಕರು. "ಒಂದೂವರೆಗೆ ರಾಹುಕಾಲ, ಬೇಗ ಆಗ್ಲಿ" ಅಂದರು. ಡಾಕ್ಟರು ಬೆಳ್ಳಿ ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು, ತುಳಸಿ ಸೇರಿಸಿ, ಮಿಕ್ಸಿಯ ಮೇಲೆ ಮೂರು ಸಲ ಪ್ರೋಕ್ಷಣೆ ಮಾಡಿದರು.

"ನೋಡು, ತೀರ್ಥ ಬಿತ್ತು. ಈಗ ಶುದ್ಧ. ಸರಿಯಾ?"

ಇಪ್ಪತ್ತೈದು ವರ್ಷ ಹುಳದ ರೋಗವನ್ನೇ ಓದಿದ ಮನುಷ್ಯ. ನಾಲ್ಕು ದೇಶ ಸುತ್ತಿ ಭಾಷಣ ಮಾಡಿ ಬಂದವರು. ಎರಡು ಹನಿ ತುಳಸಿ ನೀರಿಗೆ ವೈರಸ್ಸು ಕೈಮುಗಿದು ಹೊರಟುಹೋಗುತ್ತದೆ ಅಂತ ನಂಬಿದರೋ, ಇವಳ ಮಾತು ಕೇಳುವುದಕ್ಕಿಂತ ಅದೇ ಮೇಲು ಅಂದುಕೊಂಡರೋ ದೇವರಿಗೇ ಗೊತ್ತು. ಮಿಕ್ಸಿಗೆ ಗಂಧ ಹಚ್ಚಿದರು. ಚೆಂಡುಹೂವಿನ ಹಾರ ಹಾಕಿದರು. ಮೇವು ಕಲಸುವ ಮೇಜಿನ ಮೇಲೆ ನಟ್ಟನಡುವೆ ಕೂರಿಸಿದರು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಗೇಟಿನಲ್ಲಿ ಒಡೆದರು. ಕಲಾವತಿಗೆ ಪುರಿ, ಹುರಿಗಡಲೆ ಒಂದು ಪೇಪರಿನಲ್ಲಿ ಸುತ್ತಿ ಹೊಸ್ತಿಲ ಮೇಲಿಟ್ಟರು.

ಪೂಜೆಗಿಟ್ಟದ್ದನ್ನು ಅವತ್ತು ಕದಲಿಸಬಾರದು. ಮಿಕ್ಸಿ ಆ ರಾತ್ರಿ ಅಲ್ಲೇ ಉಳಿಯಿತು. ಮಾರನೇ ದಿನ ವಿಜಯದಶಮಿ. ಊರಿಗೆಲ್ಲ ರಜೆ, ಹುಳದ ಹೊಟ್ಟೆಗೆ ರಜೆಯಿಲ್ಲ. ಕಲಾವತಿ ತನ್ನ ರೂಮಿಗೆ ಹೋಗುವಾಗ ಮಡಿ ರೂಮಿನ ಬಾಗಿಲ ಗಾಜಿನಿಂದ ಕಂಡಳು: ಪೂಜೆಗಿಟ್ಟ ಯಂತ್ರವನ್ನು ದಶಮಿಯ ದಿನ ಚಾಲೂ ಮಾಡಬೇಕಲ್ಲ, ಅಂಬುಜಮ್ಮ ಶಾಸ್ತ್ರಕ್ಕೆ ಅಂತ ಅದೇ ಜಾರಿಗೆ ಕಡಲೆಹಿಟ್ಟು ಸುರಿದು ಗರ್ರನೆ ತಿರುಗಿಸುತ್ತಿದ್ದರು. ಆಮೇಲೆ ಅದನ್ನೇ ದೊಡ್ಡ ಪಾತ್ರೆಯ ಮೇವಿಗೆ ಸುರಿದು ಕಲಸಿದರು. ಡಾಕ್ಟರು ಪಕ್ಕದಲ್ಲೇ ನಿಂತು ತಲೆದೂಗುತ್ತಿದ್ದರು.

ಕಲಾವತಿ ಗಾಜು ಬಡಿದಳು. "ಬೇಡ ಸಾರ್, ಬೇಡ!" ಒಳಗೆ ಮಿಕ್ಸಿ ಸದ್ದು. ಡಾಕ್ಟರು ತಿರುಗಿ ನೋಡಿ, ಆಚೆ ಹೋಗು ಅಂತ ಕೈಬೀಸಿದರು. ನೊಣ ಓಡಿಸುವ ಹಾಗೆ.

ನಾಲ್ಕು ಸಾವಿರ ಹುಳ ಆ ಮೇವು ತಿಂದವು.

ಆರನೇ ದಿನ, ಗುರುವಾರ ಬೆಳಿಗ್ಗೆ, ಕಲಾವತಿಗೆ ವಾಸನೆಯಲ್ಲೇ ಗೊತ್ತಾಯಿತು. ತನ್ನ ರೂಮಿನ ವಾಸನೆ ಮಡಿ ರೂಮಿನ ಬಾಗಿಲ ಸಂದಿಯಿಂದ ಬರುತ್ತಿತ್ತು. ಗಾಜಿಗೆ ಕಣ್ಣಿಟ್ಟು ನೋಡಿದಳು. ಒಂದೊಂದು ಲೋಟದ ಮುಚ್ಚಳದಲ್ಲೂ ಒಂದೊಂದು ತಲೆಕೆಳಗು. ಸಾಲಿಗೆ ಸಾಲು ನೇತಾಡುತ್ತಿದ್ದವು. ಆಗ ತಾನೇ ಬಂದ ಅಂಬುಜಮ್ಮ ಬಾಗಿಲು ತೆಗೆದು ಎರಡು ಹೆಜ್ಜೆ ಇಟ್ಟು, "ಅಯ್ಯೋ ಕಡವುಳೇ!" ಅಂತ ಕಿರುಚಿ, ಸೆರಗು ಬಾಯಿಗೆ ತುರುಕಿಕೊಂಡು ಓಡಿದವರು ಬೇವಿನ ಮರದ ಬುಡದಲ್ಲಿ ಕಕ್ಕಿಕೊಂಡರು.

ಡಾಕ್ಟರು ಬಂದರು. ನೋಡಿದರು. ಕಲಾವತಿಯ ಕಡೆ ತಿರುಗಿದವರ ಕಣ್ಣು ಒಂದು ಕ್ಷಣ ಅವಳ ಕಣ್ಣಿಗೆ ಸಿಕ್ಕಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅವರು ಮೇವಿನ ಮೇಜಿನ ಕಡೆ ನೋಡಿದರು. ಮಿಕ್ಸಿ ಅಲ್ಲಿರಲಿಲ್ಲ. ದಶಮಿಯ ಸಂಜೆಯೇ ಕಲಾವತಿಯ ರೂಮಿಗೆ ವಾಪಸು ಬಂದಿತ್ತು, ಒಣಗಿದ ಹಾರದ ಸಮೇತ. ಅವರಿಗೆ ಗೊತ್ತಾಯಿತು. ಗೊತ್ತಾಯಿತು ಅಂತ ಅವಳಿಗೂ ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಆಫೀಸಿಗೆ ಕರೆಸಿದರು. ಕೌಶಿಕ್ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದ.

"ಬಾಮ್ಮ, ಕೂತ್ಕೋ" ಅಂದರು ಡಾಕ್ಟರು. ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದಿರಲಿಲ್ಲ. ಅವಳಿಗೆ ಭಯವಾಯಿತು. ಕೂರಲಿಲ್ಲ.

"ನೋಡು ಕಲಾವತಿ, ಸೋಮವಾರ ದೆಹಲಿಯವ್ರು ಬರ್ತಾರೆ. ರೂಮು ಯಾಕೆ ಖಾಲಿ ಅಂತ ಕೇಳ್ತಾರೆ. ಏನಾದ್ರೂ ಒಂದು ಕಾರಣ ಹೇಳ್ಬೇಕಲ್ಲ. ನಾನು ತಪ್ಪು ಮಾಡ್ದೆ ಅಂದ್ರೆ ಪ್ರಾಜೆಕ್ಟೇ ಹೋಯ್ತು. ಕೂಲಿಯೋಳು ತಿಳೀದೆ ಮಾಡಿದ್ಲು ಅಂದ್ರೆ, ಓ ಹಾಗಾ ಅಂದು ಸುಮ್ನಾಗ್ತಾರೆ. ಅವರ ಕಡೆಯೂ ಇಂಥದೆಲ್ಲ ಆಗಿರತ್ತೆ."

ಒಂದು ಹಾಳೆ ಮುಂದೆ ತಳ್ಳಿದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಕೆಳಗೆ ಅವಳ ಹೆಸರು, ಸಹಿಗೆ ಜಾಗ.

"ಮಡಿ ರೂಮಿಗೆ ನೀನು ಹೋಗಿದ್ದೆ ಅಂತ, ಅಷ್ಟೇ. ಸೈನ್ ಹಾಕ್ಬಿಡು. ಯಾರೂ ನಿನ್ನ ತೆಗೆಯಲ್ಲ. ಪರ್ಮನೆಂಟ್ ಫೈಲು ನಾನೇ ಕಳಿಸ್ತೀನಿ. ನಮ್ಮ ಕಡೆಯವಳು ನೀನು, ನಾನು ಕೈಬಿಡ್ತೀನಾ?"

"ನಾನು ಓಗಿಲ್ವಲ್ಲ ಸಾರ್."

"ಗೊತ್ತಮ್ಮ."

ಎಷ್ಟು ಸಲೀಸಾಗಿ ಅಂದರು! ಗೊತ್ತಮ್ಮ ಅಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಗಾದೆ. ಇಲ್ಲಿ ಬರೆ ಹಾಕುವವನೇ ಎಮ್ಮೆಯ ಮೈಸವರಿ, ಬೆನ್ನು ಕೊಡಮ್ಮ ಅನ್ನುತ್ತಿದ್ದ. ಕಲಾವತಿ ಹಾಳೆ ಮಡಚಿಕೊಂಡು, "ನಾಳೆ ಏಳ್ತೀನಿ ಸಾರ್" ಅಂದು ಬಂದಳು.

ಸಂಜೆ ಮನೆಯಲ್ಲಿ ಭೋಜರಾಜನಿಗೆ ಹೇಳಿದಳು. ಅವನು ಆಗ ತಾನೇ ಯಾರ್ಡಿನಿಂದ ಬಂದು ಕಾಲು ತೊಳೆಯುತ್ತಿದ್ದ.

"ಆಕ್ಬಿಡು" ಅಂದ. "ಸೈನ್ ತಾನೇ. ಪರ್ಮನೆಂಟಾದ್ರೆ ಸಾಕು."

"ಮಾಡ್ದಿರೋದನ್ನ ಮಾಡ್ದೆ ಅಂತ ಆಕ್ಲಾ?"

"ನಾನು ದಿನಾ ಬೋಗಿ ಕಕ್ಕಸು ತೊಳೀತೀನಿ. ನಾನು ಏತಿದ್ನಾ ಅದನ್ನ? ಯಾವನೋ ಏತ. ನಮ್ಮ ಬದುಕೇ ಅಂಗೆ ಕಣೆ. ಸುಮ್ನೆ ಆಕು."

ಕಲಾವತಿ ಪೆನ್ನು ತರಲು ನೇಹಾಳ ಬ್ಯಾಗಿಗೆ ಕೈ ಹಾಕಿದಳು. ಹಾಕುವ ಮೊದಲು ಓದಿಸಿಬಿಡೋಣ ಅನ್ನಿಸಿತು. "ಇದ್ರಲ್ಲಿ ಏನೈತೆ ಏಳು" ಅಂತ ಹಾಳೆಯನ್ನು ಮಗಳಿಗೆ ಕೊಟ್ಟಳು.

ನೇಹಾ ಬೆರಳಿಟ್ಟು ಓದಿದಳು. ಗೊತ್ತಿಲ್ಲದ ಪದಕ್ಕೆ ಸ್ಕೂಲಿನ ಡಿಕ್ಷನರಿ ತೆಗೆದಳು. ಓದುತ್ತಾ ಓದುತ್ತಾ ಅವಳ ಮುಖ ಸಣ್ಣದಾಯಿತು.

"ಏನೇ?"

"ನೀ ಸುತ್ತಮೇ ಇಲ್ಲಾದವಳ್‌ನು ಪೋಟ್ಟಿರುಕ್ಕಾಂಗ ಮಾ." ಆಮೇಲೆ ಅಮ್ಮನಿಗೆ ಸರಿಯಾಗಿ ತಿಳಿಯಲಿ ಅಂತ ತಡವರಿಸಿ ಕನ್ನಡದಲ್ಲೇ ಹೇಳಿದಳು. "ನೀನು ಹುಟ್ಟಿದ್ದಾಗಿಂದ ಶುಚಿ ಇಲ್ದೋಳು ಅಂತ. ನಿನ್ನ ಜನಕ್ಕೆ ತೊಳ್ಕೊಳೋ ಅಭ್ಯಾಸ ಇಲ್ಲ ಅಂತ. ಎಷ್ಟು ಸಲ ಹೇಳಿದ್ರೂ ನೀನು ಕೊಳೆ ಕೈಲಿ ಒಳಗೆ ಹೋಗ್ತಾ ಇದ್ದೆ, ಅದ್ರಿಂದ ಹುಳ ಎಲ್ಲಾ ಸತ್ತೋಯ್ತು ಅಂತ. ಇದೆಲ್ಲಾ ನೀನೇ ಒಪ್ಪಿಕೊಂಡು ಬರೀತಾ ಇದೀಯ ಅಂತ."

ಭೋಜರಾಜ ಟವೆಲು ಕೈಯಲ್ಲಿ ಹಿಡಿದವನು ಹಾಗೇ ನಿಂತ. ಸೈನ್ ಹಾಕು ಅಂತ ಆಮೇಲೆ ಹೇಳಲಿಲ್ಲ.

ಕಲಾವತಿ ತನ್ನ ಕೈ ನೋಡಿಕೊಂಡಳು. ಉಗುರು ಕಂದುಗಟ್ಟಿದ್ದವು. ಬ್ಲೀಚಿಂಗ್ ನೀರಿಗೆ ಬೆರಳ ತುದಿ ಸಿಪ್ಪೆ ಎದ್ದಿತ್ತು. ಆ ಕೇಂದ್ರದಲ್ಲಿ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಿದ್ದವಳು ಅವಳೊಬ್ಬಳೇ. ಆ ಕೊಳಕು ಹುಳದ್ದು, ಅವರ ಔಷಧದ್ದು, ಅವರ ಪುಸ್ತಕದ್ದು. ಅದನ್ನು ಅವಳ ಕೈಗೆ ಹಚ್ಚಿದವರೇ ಈಗ ಅದು ಅವಳ ಹುಟ್ಟಿನಿಂದ ಬಂದದ್ದು ಅನ್ನುತ್ತಿದ್ದರು. ಅವಳ ಅಮ್ಮನಿಂದ, ಅಜ್ಜಿಯಿಂದ ಬಂದದ್ದು. ನಾಳೆ ಈ ಹುಡುಗಿಗೂ ಬರುವಂಥದ್ದು. ಹಾಳೆ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

ಶನಿವಾರ ಒಂಬತ್ತು ಗಂಟೆಗೆ ಕೇಂದ್ರದ ಗೇಟಿನಲ್ಲೇ ವಾಸನೆ ಮುಖಕ್ಕೆ ಹೊಡೆಯಿತು. ಎರಡು ದಿನದಲ್ಲಿ ಎಲ್ಲ ಹುಳವೂ ಕರಗಿದ್ದವು. ಮಡಿ ರೂಮಿನ ಬಾಗಿಲು ಹಾರುಹೊಡೆದಿತ್ತು, ಮುಚ್ಚಿಕೊಳ್ಳದಿರಲಿ ಅಂತ ಇಟ್ಟಿಗೆ ಕೊಟ್ಟಿದ್ದರು. ಒಳಗೆ ನೊಣಗಳ ಗುಂಯ್ ಸದ್ದು. ಡಾಕ್ಟರು, ಕೌಶಿಕ್, ಅಂಬುಜಮ್ಮ ಮೂವರೂ ಬೇವಿನ ಮರದ ಕೆಳಗೆ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು.

"ಸೈನ್ ಆಯ್ತಾ?" ಅಂದರು ಡಾಕ್ಟರು.

ಕಲಾವತಿ ಹಾಳೆ ಕೊಟ್ಟಳು. ಸಹಿಯ ಜಾಗ ಖಾಲಿಯಿತ್ತು.

"ಏನಿದು?"

"ಮಗಳು ಓದಿದ್ಲು ಸಾರ್. ನಾನು ಒಳಕ್ಕೆ ಓಗಿದ್ದೆ ಅಂತ ಅಷ್ಟೇ ಐತೆ ಅಂದ್ರಿ. ನನ್ನ ಜನಕ್ಕೆ ತೊಳ್ಕೊಳಕ್ಕೆ ಬರಲ್ಲ ಅಂತ ಐತೆ."

"ಅದು ಸುಮ್ನೆ ಭಾಷೆ ಅಮ್ಮ. ರಿಪೋರ್ಟಿನಲ್ಲಿ ಹಾಗೆ ಬರೀತಾರೆ."

"ಮಿಕ್ಸಿ ಒಳಕ್ಕೆ ತಂದಿದ್ದು ಯಾರು ಅಂತ ಬರೀರಿ. ಬೇಡ ಅಂದೋಳು ಯಾರು ಅಂತ ಬರೀರಿ. ಆ ಭಾಷೇಲಿ ಬರೀರಿ, ಸೈನ್ ಆಕ್ತೀನಿ."

ಕೌಶಿಕ್ ತಲೆಯೆತ್ತಿದ. ಡಾಕ್ಟರ ಮುಖದ ಬಣ್ಣ ಬದಲಾಯಿತು. ಮನೆಯ ನಾಯಿ ಇದ್ದಕ್ಕಿದ್ದಂತೆ ಮಾತಾಡಿದ್ದರೂ ಅವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

"ನಾನು ಆ ರೂಮಿಗೆ ಕಾಲಿಟ್ಟಿಲ್ಲ" ಅಂದಳು. "ಇಡಕ್ಕೆ ನೀವೇ ಬಿಟ್ಟಿಲ್ಲ. ಒಂಬತ್ತು ವರ್ಷ ಒರಗೆ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು."

"ಆಯ್ತು, ಬಿಡು." ಡಾಕ್ಟರು ಹಾಳೆಯನ್ನು ಜೇಬಿಗೆ ತುರುಕಿದರು. ದನಿ ಬದಲಾಗಿತ್ತು, ಅಮ್ಮ ಅನ್ನುವುದು ಹೋಗಿತ್ತು. "ಫೈಲಿನ ಮಾತು ಮರೆತುಬಿಡು ಇನ್ನು. ಈಗ ಒಳಗೆ ಹೋಗಿ ಕ್ಲೀನ್ ಮಾಡು. ಲೋಟ ಒಂದೂ ಬಿಸಾಡೋ ಹಾಗಿಲ್ಲ. ಎಲ್ಲ ತೊಳೆದು ರ‍್ಯಾಕಿನಲ್ಲಿ ಜೋಡಿಸ್ಬೇಕು. ಸೋಮವಾರ ಬೆಳಿಗ್ಗೆ ವಾಸನೆ ಇರಬಾರದು."

ಕಲಾವತಿ ತೆರೆದ ಬಾಗಿಲ ಕಡೆ ನೋಡಿದಳು. ನೆರಳು ಬಿದ್ದರೂ ಓಡಿಸುತ್ತಿದ್ದ ಬಾಗಿಲು. ಈಗ ಇಟ್ಟಿಗೆ ಕೊಟ್ಟು ತೆರೆದು, ಬಾ ಒಳಗೆ ಅನ್ನುತ್ತಿದ್ದಾರೆ. ಕೊಳೆತ ಮೇಲೆ ಅದು ಇವಳ ರೂಮು. ಹುಳ ಕಂಡು ಅವಳಿಗೆ ಒಂಬತ್ತು ವರ್ಷದಲ್ಲಿ ಒಂದು ಸಲವೂ ವಾಕರಿಕೆ ಬಂದಿರಲಿಲ್ಲ. ಈ ಮೂವರ ಮುಖ ನೋಡಿ ಬಂತು.

"ಓಗಲ್ಲ."

"ಏನಂದೆ?"

"ಓಗಲ್ಲ ಅಂದೆ."

"ಏಯ್, ಏನು ಕೊಬ್ಬು ಇವಳಿಗೆ!" ಅಂದರು ಅಂಬುಜಮ್ಮ. "ನೀನಲ್ದೆ ಇನ್ಯಾರೇ ಮಾಡ್ತಾರೆ ಅದನ್ನ?"

"ಸತ್ತ ಹುಳ ಎತ್ತಕ್ಕೇ ನಿನ್ನ ಇಟ್ಕೊಂಡಿರೋದು" ಅಂದರು ಡಾಕ್ಟರು.

"ನನ್ನ ರೂಮಿನ ಹುಳ ಎತ್ತಿದೀನಿ ಸಾರ್. ಒಂಬತ್ತು ವರ್ಷ ಬರೀ ಕೈಲಿ ಎತ್ತಿದೀನಿ. ಇವು ನಾನು ಕೊಂದ ಹುಳ ಅಲ್ಲ. ನೀವು ಕೊಂದಿದ್ದು. ನೀವೇ ಎತ್ಕೊಳಿ."

"ಸೋಮವಾರದಿಂದ ಈ ಗೇಟಿನ ಹತ್ರ ಕಾಣಿಸ್ಕೊಂಡ್ರೆ ನೋಡು!"

"ಕಾಣಿಸ್ಕೊಳಲ್ಲ."

ಅಷ್ಟೇ. ಒಂಬತ್ತು ವರ್ಷದ ಪರ್ಮನೆಂಟು ಆಸೆ ಒಂದು ಮಾತಿನಲ್ಲಿ ಹೋಯಿತು. ಆದರೂ ಮಾತು ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಕೌಶಿಕ್ ಪಕ್ಕದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಿ ಕಸ ಗುಡಿಸುವ ಒಬ್ಬನನ್ನು ಕರೆತಂದ. ಅವನು ಬಾಗಿಲವರೆಗೆ ಬಂದು, ಒಳಗೊಮ್ಮೆ ಬಗ್ಗಿ ನೋಡಿ, ಕಾರಿ ಉಗಿದು, ತಿರುಗಿ ನೋಡದೆ ಹೊರಟುಹೋದ. ಹನ್ನೊಂದಾಯಿತು. ಹನ್ನೆರಡಾಯಿತು. ಬಿಸಿಲೇರಿದಂತೆ ವಾಸನೆ ಅಂಗಳ ದಾಟಿ ರಸ್ತೆಗೆ ಹೋಯಿತು. ಪಕ್ಕದ ಕಾರ್ಖಾನೆಯವರು ಬಂದು ಜಗಳ ತೆಗೆದರು. ಕೊನೆಗೆ ಡಾಕ್ಟರು ಪ್ಯಾಂಟು ಮಡಚಿ, ಮುಖಕ್ಕೆ ಟವೆಲು ಸುತ್ತಿ ಒಳಗೆ ಹೋದರು. ಹಿಂದೆ ಕೌಶಿಕ್. ಅಂಬುಜಮ್ಮ ಬಕೆಟ್ಟು ಹಿಡಿದು ಬಾಗಿಲಲ್ಲಿ.

ಮೊದಲನೇ ಲೋಟದ ಮುಚ್ಚಳ ತೆಗೆದು ಡಾಕ್ಟರು ಹುಳದ ತಲೆ ಹಿಡಿದು ಎಳೆದರು. ಒಡೆಯಿತು. ಕಂದು ನೀರು ಬೆರಳಿನಿಂದ ಇಳಿದು ಅಂಗಿಯ ತೋಳಿನೊಳಗೆ ಹೋಯಿತು. ಟವೆಲಿನೊಳಗೇ ಓಕರಿಸಿದರು. ತಲೆ ಹಿಡಿಯಬಾರದು, ಮುಚ್ಚಳ ಓರೆ ಮಾಡಿ ಹಿಂಗಾಲ ಕಡೆಯಿಂದ ಬಿಡಿಸಬೇಕು. ಆಗ ಇಡಿಯಾಗಿ ಬರುತ್ತದೆ. ಕಲಾವತಿಗೆ ಅದು ಗೊತ್ತಿತ್ತು. ಹೇಳಲಿಲ್ಲ. ಎರಡನೆಯದೂ ಒಡೆಯಿತು. ಮೂರನೆಯದೂ ಒಡೆಯಿತು. ಕೌಶಿಕ್ ಮೂಲೆಗೆ ಹೋಗಿ ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕಿದ. ಅದನ್ನೂ ಯಾರಾದರೂ ಬಳಿಯಬೇಕಿತ್ತು.

ಡಾಕ್ಟರು ಹೊರಗೆ ಬಂದು ಮರದ ಕೆಳಗೆ ಏದುಸಿರು ಬಿಡುತ್ತಾ ನಿಂತರು. ಕಲಾವತಿ ಇನ್ನೂ ಅಲ್ಲೇ ಇದ್ದಳು. ಅವರ ಹಣೆಯ ಅಂಗಾರ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು.

"ಕೆಲಸ ಇಲ್ಲ ಅಂದ್ನಲ್ಲ, ಇನ್ನೂ ಯಾಕೆ ನಿಂತಿದ್ದೀಯ? ಹೋಗು!"

"ಓಗ್ತೀನಿ ಸಾರ್. ಕೊನೇ ಲೋಟ ತೊಳೆಯೋಗಂಟ ನೋಡಿ ಓಗ್ತೀನಿ" ಅಂದಳು ಕಲಾವತಿ. "ಇಲ್ದಿದ್ರೆ ನಾಳೆ ಇದನ್ನೂ ನಾನೇ ಮಾಡ್ದೆ ಅಂತ ಬರ್ಕೋತೀರಿ."

ಸಂಜೆ ಆರೂವರೆಯವರೆಗೂ ನಿಂತಿದ್ದಳು. ಕೂರಲಿಲ್ಲ. ಒಂದು ಲೋಟ ಎತ್ತಿಕೊಡಲಿಲ್ಲ. ನಾಲ್ಕು ಸಾವಿರವನ್ನೂ ಅವರ ಕೈಯಲ್ಲೇ ತೊಳೆಸಿದಳು.